ಎಂಟು ಸಾವಿರಕ್ಕೆ ಎರಡನೇ ಯುಕುಲೇಲೆ: ನಮ್ಮ ಕೊಡಗಿನ ಮಳೆಗೆ ಯಾವುದು ತಡೆಯುತ್ತೆ?

ಪ್ರಶ್ನೆ: ಸರ್ ನಮಸ್ತೆ, ನಾನು ನಾಪೋಕ್ಲು ಹತ್ರ ಪ್ರೈಮರಿ ಸ್ಕೂಲಲ್ಲಿ ಟೀಚರ್. ಎರಡು ವರ್ಷದ ಹಿಂದೆ ಎರಡು ಸಾವಿರ ಚಿಲ್ಲರೆ ಕೊಟ್ಟು 21 ಇಂಚಿನ ಸಣ್ಣ ಯುಕುಲೇಲೆ, ಅದೇ ಗಿಟಾರ್ ಥರದ ನಾಲ್ಕು ತಂತಿಯ ವಾದ್ಯ, ತಗೊಂಡಿದ್ದೆ. ಮಕ್ಕಳಿಗೆ ಹಾಡು ಹೇಳ್ಕೊಡೋವಾಗ, ಮನೇಲಿ ಸಂಜೆ ಹೊತ್ತು ನುಡಿಸ್ತೀನಿ. ಈಗ ಕೈ ಚೆನ್ನಾಗಿ ಕೂತಿದೆ, ಆದ್ರೆ ಶ್ರುತಿ ನಿಲ್ಲೋದೇ ಇಲ್ಲ, ಮೇಲಿನ ಫ್ರೆಟ್‌ಗೆ, ಅಂದ್ರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಹೋದ್ರೆ ಅಪಸ್ವರ, ಒತ್ತಿ ಒತ್ತಿ ಬೆರಳು ನೋವು. ಒಂದು ಒಳ್ಳೇದು ತಗೋಬೇಕು, 8 ಸಾವಿರದ ಮೇಲೆ ನನ್ ಕೈಲಿ ಆಗಲ್ಲ. ಎಲ್ರೂ ಸಾಲಿಡ್ ವುಡ್ಡೇ ತಗೊಳ್ಳಿ ಅಂತಾರೆ. ಸೈಜಲ್ಲಿ ಕಾನ್ಸರ್ಟ್ ಒಳ್ಳೇದಾ, ಟೆನರ್ ಒಳ್ಳೇದಾ? ನಮ್ಮ ಮಳೆಗೆ ತಡೆಯುತ್ತಾ? ಕಾರ್ಡ್ (ಹಲವು ಸ್ವರ ಒಟ್ಟಿಗೆ ಮೀಟೋದು) ಮಾತ್ರ ಅಲ್ಲ, ಭಾವಗೀತೆಯ ಟ್ಯೂನ್ ನುಡಿಸೋ ಆಸೇನೂ ಇದೆ.

ಉತ್ತರ: ನಮಸ್ತೆ ಟೀಚರ್. ಮೊದಲೇ ಹೇಳಿಬಿಡ್ತೀನಿ, ಸಾಲಿಡ್ ವುಡ್ ತಗೋಬೇಡಿ. ಅದು ಕೆಟ್ಟದು ಅಂತ ಅಲ್ಲ, ನಿಮ್ಮ ಬಜೆಟ್ಟಿಗೂ ನಾವಿರೋ ಊರಿಗೂ ಎರಡಕ್ಕೂ ಹೊಂದಲ್ಲ ಅಂತ. 23 ಇಂಚಿನ ಕಾನ್ಸರ್ಟ್, ಲ್ಯಾಮಿನೇಟ್ ಬಾಡಿ, ಆರು ಸಾವಿರದ ಆಸುಪಾಸು, ಉಳಿದ ಎರಡು ಸಾವಿರ ಕೈಯಲ್ಲೇ ಇಟ್ಕೊಂಡು ಸೆಟಪ್ಪಿಗೆ, ಅಂದ್ರೆ ತಂತಿಯ ಎತ್ತರ ಸರಿ ಮಾಡ್ಸೋದಕ್ಕೆ, ಮತ್ತೆ ಒಳ್ಳೇ ತಂತಿಗೆ ಹಾಕಿ. ಎಂಟಕ್ಕೆ ಎಂಟೂ ವಾದ್ಯದ ಮೇಲೇ ಸುರಿದವರಿಗಿಂತ ಹೀಗೆ ಮಾಡಿದವರ ಕೈಲಿ ಸ್ವರ ಚೆನ್ನಾಗಿ ಬರ್ತಾ ಇರೋದನ್ನ ಮಡಿಕೇರೀಲಿ ರಿಪೇರಿ ಟೇಬಲ್ ಮುಂದೆ ಕೂತು ವರ್ಷಾನುಗಟ್ಲೆ ನೋಡಿದ್ದೀನಿ. ಯಾಕೆ ಅಂತ ಈಗ ವಿವರವಾಗಿ ಹೇಳ್ತೀನಿ.

ನಿಮ್ಮ ಮನೇಲಿ ಒಂದಾದ್ರೂ ಹಳೇ ಮರದ ಬಾಗಿಲು ಇರುತ್ತೆ ಅಲ್ವಾ, ಜುಲೈಲಿ ಹಾಕೋಕೆ ಹೋದ್ರೆ ಭುಜ ಕೊಟ್ಟು ತಳ್ಬೇಕು, ಫೆಬ್ರವರೀಲಿ ಅದೇ ಬಾಗಿಲ ಸಂದೀಲಿ ಬೆಳಕು ಕಾಣುತ್ತೆ. ಮರ ಗಾಳೀಲಿರೋ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತೆ, ಒಣಗಿದಾಗ ಅಡ್ಡಕ್ಕೇ ಕುಗ್ಗುತ್ತೆ, ಉದ್ದಕ್ಕೆ ಹೆಚ್ಚೇನೂ ಬದಲಾಗಲ್ಲ. ಸಾಲಿಡ್ ಟಾಪ್ ಅಂದ್ರೆ ಎರಡು ಮಿಲಿಮೀಟರಿಗೂ ತೆಳು ಇರೋ ಒಂದೇ ಹಲಗೆ, ಅದರ ಅಂಚು ಸುತ್ತಲೂ ಗಮ್ ಹಾಕಿ ಕೂರಿಸಿರ್ತಾರೆ, ಹಾಗಾಗಿ ಅಡ್ಡಕ್ಕೆ ಉಬ್ಬೋಕೆ ಜಾಗ ಇಲ್ಲ, ಮೇಲಕ್ಕೇ ಏಳ್ಬೇಕು. ಮಳೆಗಾಲದಲ್ಲಿ ಬ್ರಿಜ್, ಅಂದ್ರೆ ಹಲಗೆ ಮೇಲೆ ತಂತಿ ಕಟ್ಟಿರೋ ಪಟ್ಟಿ, ಇರೋ ಜಾಗ ಪೂರಿ ಥರ ಉಬ್ಬುತ್ತೆ, ಅದರ ಜೊತೆ ತಂತಿನೂ ಮೇಲೆ ಹೋಗುತ್ತೆ, ಒತ್ತೋದು ಕಷ್ಟ ಆಗುತ್ತೆ, ಶ್ರುತಿ ಏರುತ್ತೆ. ಕಾಫಿ ಕುಯ್ಲು ಮುಗಿಯೋ ಹೊತ್ತಿಗೆ ಗಾಳಿ ಒಣಗಿ ಅದೇ ಹಲಗೆ ಕುಗ್ಗಿ ಒಳಕ್ಕೆ ಇಳಿಯುತ್ತೆ, ತಂತಿ ಫ್ರೆಟ್ಟಿಗೆ ತಾಗಿ ಜರ್ ಅನ್ನುತ್ತೆ, ಇನ್ನೂ ಒಣಗಿದ್ರೆ ಬಿರುಕು. ಮರದ ವಾದ್ಯಕ್ಕೆ ಗಾಳಿಯ ತೇವ ಶೇಕಡಾ 40ರಿಂದ 60ರೊಳಗೆ ಇದ್ರೆ ಕ್ಷೇಮ. ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆ ಬೀಳೋ ಮಡಿಕೇರಿ ಕಡೆ, ನಿಮ್ಮ ನಾಪೋಕ್ಲು ಭಾಗಮಂಡಲ ಸೀಮೆ ಕಡೆ, ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಮನೆಯೊಳಗೇ ತೇವ ಅಳೆಯೋ ಮೀಟರ್ ಇಟ್ಟು ನೋಡಿ, 90 ತೋರಿಸೋ ದಿನಗಳೇ ಜಾಸ್ತಿ.

ನನ್ನದೇ ಒಂದು ಅನುಭವ ಹೇಳ್ತೀನಿ. ಶುರುವಿನ ದಿನಗಳಲ್ಲಿ ನಾನೂ ಎಲ್ಲರ ಮಾತು ಕೇಳಿ, ದುಡ್ಡು ಕೂಡಿಟ್ಟು, ಸ್ಪ್ರೂಸ್ ಮರದ ಸಾಲಿಡ್ ಟಾಪ್ ಇರೋ ಒಂದು ಟೆನರ್ ತಗೊಂಡಿದ್ದೆ, ಏಪ್ರಿಲಲ್ಲಿ ಬಂತು, ಏನು ನಾದ ಅಂತೀರಿ, ಒಂದು ಮೀಟಿದ್ರೆ ರೂಮೆಲ್ಲಾ ತುಂಬ್ತಿತ್ತು. ಆಗಸ್ಟ್ ಹೊತ್ತಿಗೆ ಹನ್ನೆರಡನೇ ಫ್ರೆಟ್ ಹತ್ರ ತಂತಿ ಎಷ್ಟು ಮೇಲೆ ಎದ್ದಿತ್ತು ಅಂದ್ರೆ ಒತ್ತಿದ್ರೆ ಸ್ವರವೇ ಬೇರೆ ಆಗ್ತಿತ್ತು. ನಾನು ಆತುರ ಬಿದ್ದು ಸ್ಯಾಡಲ್, ಅಂದ್ರೆ ಬ್ರಿಜ್ ಮೇಲೆ ತಂತಿ ಕೂರೋ ಸಣ್ಣ ಪಟ್ಟಿ, ಉಜ್ಜಿ ಉಜ್ಜಿ ತಗ್ಗಿಸಿದೆ, ಆಮೇಲೆ ಜನವರೀಲಿ ಹಲಗೆ ಇಳಿದಾಗ ತಂತಿ ಎಲ್ಲಾ ಫ್ರೆಟ್ಟಿಗೂ ತಾಗೋಕೆ ಶುರು, ಮಾರ್ಚಿಗೆ ಬ್ರಿಜ್ಜಿಂದ ಕೆಳಕ್ಕೆ ಕೂದಲೆಳೆ ಅಷ್ಟು ಸಣ್ಣ ಬಿರುಕು. ಆ ಬಿರುಕನ್ನ ಬೆರಳಲ್ಲಿ ಸವರಿದಾಗ ಆದ ಬೇಜಾರು ಈಗಲೂ ನೆನಪಿದೆ. ಸಾಲಿಡ್ ವಾದ್ಯ ಸಾಕ್ಬೇಕು ಅಂದ್ರೆ ಒಳ್ಳೇ ಹಾರ್ಡ್ ಕೇಸು, ವರ್ಷಪೂರ್ತಿ ತೇವ ನೋಡ್ಕೊಳ್ಳೋದು, ಎರಡು ಅಳತೆಯ ಸ್ಯಾಡಲ್, ಇಷ್ಟೂ ಬೇಕು, ಅದರ ಖರ್ಚು ವಾದ್ಯದ ಬೆಲೆಯೊಳಗೆ ಬರಲ್ಲ.

ಲ್ಯಾಮಿನೇಟ್ ಅಂದ್ರೆ ತೆಳು ಮರದ ಪದರಗಳನ್ನ ಒಂದರ ನಾರು ಉದ್ದಕ್ಕೆ, ಇನ್ನೊಂದರ ನಾರು ಅಡ್ಡಕ್ಕೆ ಇಟ್ಟು ಅಂಟಿಸಿರೋದು, ಪ್ಲೈವುಡ್ಡಿನ ಹಾಗೇ. ಒಂದು ಪದರ ಉಬ್ಬೋಕೆ ನೋಡಿದ್ರೆ ಪಕ್ಕದ ಪದರ ಹಿಡಿದುಕೊಳ್ಳುತ್ತೆ. ನಾದ ಸ್ವಲ್ಪ ಕಡಿಮೆ ತೆರೆದುಕೊಳ್ಳುತ್ತೆ, ಅದು ನಿಜ, ಒಳ್ಳೇ ಸಾಲಿಡ್ ಟಾಪಿನ ಪಕ್ಕ ಇಟ್ಟು ಕೇಳಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಆದ್ರೆ ಎಂಟು ಸಾವಿರದೊಳಗೆ ಸಿಗೋ ಸಾಲಿಡ್ ಟಾಪಿಗೂ ಅದೇ ಬೆಲೆಯ ನೀಟಾದ ಲ್ಯಾಮಿನೇಟಿಗೂ ಅಷ್ಟು ವ್ಯತ್ಯಾಸ ಇರಲ್ಲ, ಯಾಕಂದ್ರೆ ಆ ಬೆಲೆಗೆ ಸಾಲಿಡ್ ಹಲಗೆ ಕೊಡ್ಬೇಕು ಅಂದ್ರೆ ಹಲಗೆ ದಪ್ಪ ಬಿಡ್ತಾರೆ, ಇಲ್ಲಾ ಫ್ರೆಟ್ ಕೆಲಸದಲ್ಲಿ, ಟ್ಯೂನಿಂಗ್ ಕೀಯಲ್ಲಿ ಎಲ್ಲೋ ಉಳಿಸ್ತಾರೆ. ನಿಮ್ಮ ಮೂರೂ ದೂರು, ಅಂದ್ರೆ ಶ್ರುತಿ ನಿಲ್ಲಲ್ಲ, ಮೇಲೆ ಅಪಸ್ವರ, ಬೆರಳು ನೋವು, ಇವು ಮರದ ಜಾತಿಯಿಂದ ಬರೋವಲ್ಲ, ನಟ್ಟು, ಸ್ಯಾಡಲ್ಲು, ಫ್ರೆಟ್ಟು, ಕೀ, ತಂತಿ ಇಷ್ಟರಿಂದಲೇ ಬರೋದು.

ಅದಕ್ಕೇ ಹೊಸದು ಆರ್ಡರ್ ಮಾಡೋ ಮುಂಚೆ ಹಳೇದನ್ನ ಒಂದ್ಸಲ ಟೇಬಲ್ ಮೇಲಿಟ್ಟು ನೋಡಿ, ಹತ್ತು ನಿಮಿಷ ಸಾಕು. ಮೊದಲು ನಟ್ಟು, ತಲೆ ಹತ್ರ ತಂತಿಗಳು ಹಾದು ಬರೋ ಆ ಬಿಳೀ ಪಟ್ಟಿ. ಒಂದು ತಂತಿಯನ್ನ ಮೂರನೇ ಫ್ರೆಟ್ಟಲ್ಲಿ ಒತ್ತಿ ಹಿಡೀರಿ, ಹಾಗೇ ಮೊದಲನೇ ಫ್ರೆಟ್ಟಿನ ಮೇಲೆ ಆ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿ ಇದೆ ನೋಡಿ. ನೋಟ್‌ಬುಕ್ಕಿನ ಒಂದು ಹಾಳೆ ತೂರೋ ಅಷ್ಟಿದ್ರೆ ಸರಿ. ಮದುವೆ ಕರೆಯೋಲೆ ದಪ್ಪದ ಕಾರ್ಡು ಸಲೀಸಾಗಿ ತೂರಿದ್ರೆ ನಟ್ಟು ಎತ್ತರ ಇದೆ ಅಂತ. ಕಡಿಮೆ ಬೆಲೆಯ ವಾದ್ಯ ನನ್ನ ಟೇಬಲ್ಲಿಗೆ ಬಂದಾಗ ಹತ್ತಕ್ಕೆ ಒಂಬತ್ತರಲ್ಲಿ ಸಿಗೋದು ಇದೇ ತೊಂದರೆ, ಫ್ಯಾಕ್ಟರೀಲಿ ಜರ್ ಅನ್ನಬಾರದು ಅಂತ ಎತ್ತರವಾಗಿಯೇ ಬಿಟ್ಟು ಕಳಿಸ್ತಾರೆ. ಆಗ ಎಫ್ ಕಾರ್ಡ್ ಹಿಡಿಯೋವಾಗ ಮೊದಲನೇ ಫ್ರೆಟ್ಟಲ್ಲಿ ತಂತಿಯನ್ನ ಅಷ್ಟು ಆಳಕ್ಕೆ ಅದುಮ್ಬೇಕು, ಅದುಮಿದಾಗ ತಂತಿ ಎಳೆದು ಸ್ವರ ಏರುತ್ತೆ, ಬೆರಳೂ ನೋಯುತ್ತೆ, ಕಾರ್ಡೂ ಅಪಸ್ವರ. ನೀವು ಎರಡು ವರ್ಷ ಇದರ ಜೊತೆ ಗುದ್ದಾಡಿದ್ದೀರಿ ಅಂತ ನನ್ನ ಅಂದಾಜು, ತಪ್ಪು ನಿಮ್ಮ ಕೈಯದ್ದಲ್ಲ.

ಆಮೇಲೆ ಹನ್ನೆರಡನೇ ಫ್ರೆಟ್. ಅಲ್ಲಿ ತಂತಿಯ ತಳದಿಂದ ಫ್ರೆಟ್ಟಿನ ನೆತ್ತಿಗೆ ಸ್ಕೇಲ್ ಇಟ್ಟು ಅಳೀರಿ, ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ರೆ ಚೆನ್ನ, ಮೂರರ ಮೇಲಿದ್ರೆ ಜಾಸ್ತಿ. ಮೊಬೈಲಲ್ಲಿ ಟ್ಯೂನರ್ ಆಪ್ ಹಾಕಿ, ತಂತಿನ ಬಿಡಿಯಾಗಿ ಸರಿ ಶ್ರುತಿ ಮಾಡಿ, ಆಮೇಲೆ ಹನ್ನೆರಡನೇ ಫ್ರೆಟ್ ಒತ್ತಿ ಮೀಟಿ, ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರ್ಬೇಕು. ಮುಳ್ಳು ಐದು ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರರಲ್ಲಿ ಐದು ಪಾಲು) ಆಚೆ ಈಚೆ ಆದ್ರೆ ಕಿವಿಗೆ ಗೊತ್ತಾಗಲ್ಲ, ಹದಿನೈದು ಇಪ್ಪತ್ತು ಸೆಂಟ್ ಏರಿದ್ರೆ ಮೇಲಿನ ಫ್ರೆಟ್ಟಲ್ಲಿ ನೀವು ಕೇಳ್ತಿರೋ ಅಪಸ್ವರ ಅದೇ.

ಶ್ರುತಿ ಇಳಿಯೋದಕ್ಕೆ ಕಾರಣ ಬೇರೆ. ಕೀ ಹಿಂದೆ ಸಣ್ಣ ಹಲ್ಲಿನ ಚಕ್ರ ಇದ್ಯಾ, ಇಲ್ಲಾ ನೇರ ತಿರುಗೋ ಗೂಟ ಥರದ ಕೀ ಇದ್ಯಾ ನೋಡಿ. ನೇರ ತಿರುಗೋದಾದ್ರೆ ಅದು ಬರೀ ಬಿಗಿತದ ಮೇಲೆ ನಿಂತಿರೋದು, ಕೀಯ ತುದೀಲಿರೋ ಸ್ಕ್ರೂನ ಕಾಲು ಸುತ್ತು ಬಿಗಿ ಮಾಡಿದ್ರೆ ಎಷ್ಟೋ ನಿಲ್ಲುತ್ತೆ. ತಂತಿ ಸಾದಾ ನೈಲಾನ್ ಆಗಿದ್ರೆ ಅದೂ ತೇವ ಹೀರುತ್ತೆ, ಮಳೆಗಾಲದಲ್ಲಿ ಬೆಳಿಗ್ಗೆ ಒಂದು ಶ್ರುತಿ ಸಂಜೆ ಒಂದು ಶ್ರುತಿ. ಇಷ್ಟನ್ನೂ ಸರಿ ಮಾಡ್ಸಿದ್ರೆ ನಿಮ್ಮ ಹಳೇ ಸೊಪ್ರಾನೋ, ಅದೇ ಆ 21 ಇಂಚಿನದು, ಸ್ಕೂಲಿಗೆ ತಗೊಂಡು ಹೋಗೋಕೆ ಗಟ್ಟಿ ಆಗುತ್ತೆ, ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು. ಹಾಗಂತ ಹೊಸದು ಬೇಡ ಅಂತ ಹೇಳ್ತಿಲ್ಲ, ಕೈ ಬೆಳೆದಿದೆ, ಜಾಗ ಬೇಕು, ಅದು ನ್ಯಾಯವಾದ ಆಸೆ.

ಈಗ ಸೈಜು. ಸೊಪ್ರಾನೋ 21 ಇಂಚು, ಕಾನ್ಸರ್ಟ್ 23, ಟೆನರ್ 26. ಇದು ತಲೆಯಿಂದ ಬಾಲದವರೆಗಿನ ಉದ್ದ. ತಂತಿ ಮಿಡಿಯೋ ಉದ್ದ, ಅಂದ್ರೆ ನಟ್ಟಿಂದ ಸ್ಯಾಡಲ್ ತನಕ, ಸೊಪ್ರಾನೋದಲ್ಲಿ ಹದಿಮೂರೂವರೆ ಇಂಚು ಹತ್ರ, ಕಾನ್ಸರ್ಟಲ್ಲಿ 15, ಟೆನರಲ್ಲಿ 17 ಹತ್ರ. ಮೂರಕ್ಕೂ ಶ್ರುತಿ ಒಂದೇ, ಜಿ ಸಿ ಇ ಎ, ಹಾಗಾಗಿ ನೀವು ಕಲಿತ ಕಾರ್ಡ್ ಯಾವುದೂ ವ್ಯರ್ಥ ಆಗಲ್ಲ. 30 ಇಂಚಿನ ಬ್ಯಾರಿಟೋನ್ ಮಾತ್ರ ಡಿ ಜಿ ಬಿ ಇ, ಅದು ನಿಮಗೆ ಬೇಡ. ಸೊಪ್ರಾನೋದಿಂದ ಕಾನ್ಸರ್ಟಿಗೆ ಬಂದಾಗ ಫ್ರೆಟ್ಟಿನ ನಡುವೆ ಸಿಗೋ ಆ ಒಂದಿಷ್ಟು ಜಾಗ ಕಾಗದದ ಮೇಲೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಡಿ ಕಾರ್ಡಿಗೆ ಮೂರು ಬೆರಳು ಒಂದೇ ಮನೇಲಿ ತುರುಕಿ ನೋಡಿ, ಆಗ ಗೊತ್ತಾಗುತ್ತೆ. ಟೆನರಲ್ಲಿ ಜಾಗ ಇನ್ನೂ ಧಾರಾಳ, ನಾದವೂ ತುಂಬು, ಆದ್ರೆ ಅದೇ ಸ್ವರಕ್ಕೆ ತಂತಿ ಉದ್ದ ಆದಷ್ಟೂ ಎಳೆತ ಜಾಸ್ತಿ, ಬೆರಳು ನೋವು ಅಂತಿರೋರಿಗೆ ಅದು ಹಿತ ಅಲ್ಲ, ನಿಂತುಕೊಂಡು ಬೆಲ್ಟ್ ಇಲ್ಲದೆ ಹಿಡಿಯೋಕೂ ಸ್ವಲ್ಪ ತೊಡಕು. ನೀವು ಕ್ಲಾಸಲ್ಲಿ ನಿಂತು ನುಡಿಸೋರು. ಕಾನ್ಸರ್ಟೇ ಸರಿ. ನಟ್ಟಿನ ಅಗಲ 35 ಮಿಲಿಮೀಟರಿಂದ 38ರವರೆಗೆ ಬರುತ್ತೆ, ಬೆರಳು ದಪ್ಪ ಇದ್ರೆ 38ರ ಕಡೆದು ಹುಡುಕಿ.

ಭಾವಗೀತೆ ವಿಷಯ ಕೇಳಿದ್ರಿ, ಇದನ್ನ ಯಾರೂ ಸರಿಯಾಗಿ ಹೇಳೋದಿಲ್ಲ ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸಿ ತಂತಿನ ಸ ಅಂದ್ಕೊಳ್ಳಿ, ಆಗ ಇ ಅಂತರ ಗಾಂಧಾರ, ಎ ಚತುಶ್ರುತಿ ಧೈವತ, ಜಿ ಪಂಚಮ. ಆದ್ರೆ ಆ ಜಿ ತಂತಿ ಮಾಮೂಲಿ ಯುಕುಲೇಲೆಯಲ್ಲಿ ಮಂದ್ರದ ಪ ಅಲ್ಲ, ಮಧ್ಯ ಸ್ಥಾಯಿಯ ಪ, ಅಂದ್ರೆ ವಾದ್ಯದ ಅತಿ ಕೆಳಗಿನ ಸ್ವರ ಆ ಸ ಒಂದೇ. ನಮ್ಮ ಭಾವಗೀತೆಗಳಲ್ಲಿ ಪಲ್ಲವೀಲೇ ಎಷ್ಟೋ ಸಲ ಸ ಕೆಳಗೆ ನಿ ದ ಪ ಮುಟ್ಟಿ ಬರ್ತಾರೆ, ಅಲ್ಲಿ ಬಂದಾಗ ನಿಮಗೆ ತಂತಿಯೇ ಇಲ್ಲ, ಹಾಡು ತುಂಡಾಗುತ್ತೆ. ಇದಕ್ಕೆ ಲೋ ಜಿ ಅಂತ ಒಂದು ದಪ್ಪ ತಂತಿ ಸಿಗುತ್ತೆ, ಒಂದು ಸ್ಥಾಯಿ ಕೆಳಗಿನ ಜಿ, ಅದನ್ನ ಹಾಕಿದ್ರೆ ಮಂದ್ರ ಪಂಚಮದ ತನಕ ಇಳೀಬಹುದು. ಕಾನ್ಸರ್ಟಿಗೂ ಹಾಕಬಹುದು, ಟೆನರೇ ಬೇಕು ಅಂತಿಲ್ಲ. ಆದ್ರೆ ಆ ತಂತಿ ದಪ್ಪ, ನಟ್ಟಿನ ಗೀರನ್ನ ಅಗಲ ಮಾಡ್ಬೇಕು, ಆಮೇಲೆ ಕ್ಲಾಸಲ್ಲಿ ಮಕ್ಕಳಿಗೆ ಇಷ್ಟ ಆಗೋ ಆ ಜಿಗಿಯೋ ಥರದ ಸದ್ದು ಹೋಗಿಬಿಡುತ್ತೆ. ಅದಕ್ಕೇ ದುಡ್ಡು ಖರ್ಚು ಮಾಡೋ ಮುಂಚೆ ಒಂದು ಕೆಲಸ ಮಾಡಿ: ಸ ಸ್ವರವನ್ನ ಸಿ ಇಂದ ಎತ್ತಿ ಜಿಗೆ ಇಡಿ. ಇ ತಂತಿಯ ಮೂರನೇ ಫ್ರೆಟ್ ನಿಮ್ಮ ಸ. ಆಗ ಸಿ ತಂತಿಯ ಎರಡನೇ ಫ್ರೆಟ್ ಮಂದ್ರ ಪ, ಏನೂ ಒತ್ತದ ಸಿ ತಂತಿ ಮಂದ್ರ ಮ, ಮೇಲೆ ಎ ತಂತಿಯ ಹತ್ತನೇ ಫ್ರೆಟ್ಟಲ್ಲಿ ತಾರ ಸ. ಪೂರ್ತಿ ಒಂದೂವರೆ ಸ್ಥಾಯಿ ಕೈಗೆ ಸಿಕ್ತು, ಒಂದು ರೂಪಾಯಿ ಖರ್ಚಿಲ್ಲ, ಹೆಂಗಸರ ಕಂಠಕ್ಕೆ ಆ ಶ್ರುತಿ ಸಾಮಾನ್ಯವಾಗಿ ಹೊಂದುತ್ತೆ ಕೂಡ. ನಾನು ಪಾಠ ಹೇಳೋವಾಗ ಈ ಒಂದು ಬದಲಾವಣೆ ತೋರಿಸಿದ ದಿನವೇ ಎಷ್ಟೋ ಜನ ಲೋ ಜಿ ಮಾತು ಬಿಟ್ಟಿದ್ದಾರೆ.

ಇನ್ನು ಯಾವುದು ತಗೊಳ್ಳೋದು. ಬೆಲೆ ಆಗಾಗ ಏರಿಳಿಯುತ್ತೆ, ಹಾಗಾಗಿ ಆ ದಿನದ ರೇಟ್ ನೀವೇ ನೋಡ್ಕೊಳ್ಳಿ. ಕಾಲಾ ಕಂಪನಿಯ ಕೆಎ 15 ಸಿ, ಮಹಾಗನಿ ಲ್ಯಾಮಿನೇಟ್, ಕಾನ್ಸರ್ಟ್ ಸೈಜು, ನಿಮ್ಮಂಥವರಿಗೆ ನಾನು ಮೊದಲು ಹೇಳೋದು ಇದನ್ನೇ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೆಎ ಸಿ ಆಫರಲ್ಲಿ ಬಜೆಟ್ ಒಳಗೆ ಬಂದ್ರೆ ಅದನ್ನೇ ತಗೊಳ್ಳಿ. ಕಾರ್ಡೋಬಾದ 15 ಸಿಎಂ ಕೂಡ ಇದೇ ಜಾತಿ, ಲ್ಯಾಮಿನೇಟ್ ಮಹಾಗನಿ, ಕಾನ್ಸರ್ಟ್. ನಮ್ಮ ದೇಶದಲ್ಲಿ ಸುಲಭವಾಗಿ ಸಿಗೋ ಕೇಡೆನ್ಸ್, ವಾಲ್ಟ್ ಇವರಲ್ಲೂ 23 ಇಂಚಿನವು ಇವೆ, ಕಮ್ಮಿಗೆ ಬರುತ್ತೆ, ಉಳಿದ ದುಡ್ಡು ಸೆಟಪ್ಪಿಗೆ ಹಾಕಿದ್ರೆ ಖಂಡಿತ ನುಡಿಸೋ ಹಾಗಾಗುತ್ತೆ. ಈ ಬೆಲೇಲಿ ಯಾವ ಬ್ರಾಂಡ್ ಆದ್ರೂ ಸರಿ, ಪೀಸಿಂದ ಪೀಸಿಗೆ ವ್ಯತ್ಯಾಸ ಇರುತ್ತೆ, ಹೆಸರು ನೋಡಿ ನಂಬೋದಕ್ಕಿಂತ ಕೈಗೆ ಬಂದ ಪೀಸನ್ನ ಪರೀಕ್ಷೆ ಮಾಡೋದೇ ಮುಖ್ಯ.

ಮರವೇ ಅಲ್ಲದ್ದೂ ಒಂದಿದೆ, ಎನ್ಯಾ ಕಂಪನಿಯ ನೋವಾ ಯು, ಪಾಲಿಕಾರ್ಬೊನೇಟಿಗೆ ಕಾರ್ಬನ್ ಫೈಬರ್ ಸೇರಿಸಿ ಅಚ್ಚು ಹಾಕಿರೋದು, 23 ಇಂಚೂ ಬರುತ್ತೆ. ಮಳೆ, ಮಂಜು, ಮಕ್ಕಳ ಒದ್ದೆ ಕೈ, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ, ಬೂಷ್ಟು ಬಂದ್ರೆ ಒದ್ದೆ ಬಟ್ಟೇಲಿ ಒರೆಸಿ ಇಟ್ರೆ ಆಯ್ತು. ದಿನಾ ಸ್ಕೂಲಿಗೆ ಬಸ್ಸಲ್ಲಿ ತಗೊಂಡು ಹೋಗೋದೇ ನಿಮಗೆ ಮುಖ್ಯ ಅಂದ್ರೆ ಇದು ತುಂಬಾ ಒಳ್ಳೇ ಆಯ್ಕೆ ಅಂತ ಮನಸ್ಸಿಂದ ಹೇಳ್ತೀನಿ. ನನ್ನ ಕಿವಿಗೆ ಮರದ ನಾದದ ಮೆದುತನ ಅದರಲ್ಲಿ ಸಿಗಲ್ಲ, ಸಂಜೆ ಒಬ್ಬರೇ ಕೂತು ಹಾಡೋವಾಗ ನನಗೆ ಮರವೇ ಬೇಕು, ಅದು ನನ್ನ ರುಚಿ. ಹಾಗೇ ಫ್ಲೈಟ್ ಕಂಪನಿಯ ಟ್ರಾವೆಲ್ ಸೀರೀಸ್, ಪ್ಲಾಸ್ಟಿಕ್ ಹಿಂಬದಿ, ಲಿಂಡೆನ್ ಮರದ ಲ್ಯಾಮಿನೇಟ್ ಟಾಪ್, ಗಟ್ಟಿ ಇದೆ. ಅದು ಸೊಪ್ರಾನೋದಲ್ಲೇ ಹೆಚ್ಚು ಸಿಗೋದು, ಕಾನ್ಸರ್ಟ್ ಸೈಜಿದ್ಯಾ ನೋಡಿ ತಗೊಳ್ಳಿ.

ಜಾಹೀರಾತಲ್ಲಿ ಕೋವಾ ಅಂತ ಬರೆದಿರೋದಕ್ಕೆ ಮರುಳಾಗ್ಬೇಡಿ. ಕೋವಾ ಮರ ಹವಾಯಿ ದ್ವೀಪಗಳಲ್ಲಿ ಮಾತ್ರ ಬೆಳೆಯೋದು. 1879ರಲ್ಲಿ ಪೋರ್ಚುಗಲ್ಲಿನ ಮಡೇರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗಲ್ಲಿ ಕಬ್ಬಿನ ತೋಟದ ಕೆಲಸಕ್ಕೆ ಹೊನೊಲುಲುಗೆ ಬಂದವರ ಜೊತೆ ಮರಗೆಲಸದವರು ಮೂರು ಜನ ಇದ್ರು, ಮಾನ್ವೆಲ್ ನುನೆಸ್, ಆಗಸ್ಟೋ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಅಂತ, ಅವರು ತಮ್ಮೂರಿನ ಸಣ್ಣ ತಂತಿವಾದ್ಯವನ್ನ ಅಲ್ಲಿನ ಕೋವಾದಲ್ಲಿ ಮಾಡೋಕೆ ಶುರು ಮಾಡಿದ್ರಿಂದ ಈಗಿನ ಯುಕುಲೇಲೆ ಬಂತು. ತೋಟದ ಕೆಲಸಕ್ಕೆ ಬಂದವರು ಜೊತೇಲಿ ಹಾಡು ತರೋದು ನಮ್ಮ ಕೊಡಗಿನ ಎಸ್ಟೇಟ್ ಲೈನ್ ಮನೆಗಳ ಹತ್ರ ಬೆಳೆದವರಿಗೆ ಹೊಸದಾಗಿ ಹೇಳ್ಬೇಕಾಗಿಲ್ಲ. ಕೋವಾ ಅಕೇಶಿಯ ಜಾತಿಗೆ ಸೇರಿದ್ದು, ಅದಕ್ಕೇ ಬೇರೆ ಅಕೇಶಿಯ ಮರದಲ್ಲಿ ಮಾಡಿ ಕೋವಾ ಥರ ಅಂತ ಮಾರ್ತಾರೆ. ಅದೇನು ಕೆಟ್ಟ ಮರ ಅಲ್ಲ, ಆದ್ರೆ ಎಂಟು ಸಾವಿರಕ್ಕೆ ಅಸಲಿ ಸಾಲಿಡ್ ಕೋವಾ ಸಿಗಲ್ಲ, ಆ ಹೆಸರಿಗೆ ಅಂತ ಹೆಚ್ಚು ದುಡ್ಡು ಕೊಡ್ಬೇಡಿ. ಹಾಗೇ ಫಿಂಗರ್‌ಬೋರ್ಡ್, ಅಂದ್ರೆ ಫ್ರೆಟ್ ಕೂರಿಸಿರೋ ಪಟ್ಟಿ, ಬೀಟೆ ಅಲ್ಲ ವಾಲ್ನಟ್ ಅಂತ ಇದ್ರೆ ಬೇಜಾರೂ ಬೇಡ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಪರವಾನಗಿ ನಿಯಮ ಬಂದಾಗ ಎಷ್ಟೋ ಕಂಪನಿಗಳು ವಾಲ್ನಟ್ಟು, ಬೇರೆ ಮರಗಳಿಗೆ ಬದಲಾದ್ರು. 2019ರ ಕೊನೇಲಿ ತಯಾರಾದ ಸಂಗೀತ ವಾದ್ಯಗಳಿಗೆ ಆ ನಿಯಮದಿಂದ ವಿನಾಯಿತಿ ಸಿಕ್ತು, ಆದ್ರೂ ವಾಲ್ನಟ್ ಉಳ್ಕೊಂಡಿದೆ, ನುಡಿಸೋಕೆ ಏನೂ ಕಡಿಮೆ ಇಲ್ಲ.

ಪಿಕಪ್, ಅಂದ್ರೆ ಸ್ಪೀಕರಿಗೆ ಜೋಡಿಸೋ ಸಲಕರಣೆ, ಇರೋದು ಬೇಡ. ಒಳಗೆ ಬ್ಯಾಟರಿ, ವೈರು, ನಮ್ಮ ಮಳೆಗೆ ಬ್ಯಾಟರಿ ಕಾಲು ಹಸಿರುಗಟ್ಟುತ್ತೆ, ಆ ದುಡ್ಡು ಫ್ರೆಟ್ ಕೆಲಸಕ್ಕೆ ಹೋಗಿದ್ರೆ ಚೆನ್ನಾಗಿತ್ತು.

ತಂತಿ ಬಗ್ಗೆ. ಅಕ್ವಿಲಾ ಅಂತ ಇಟಲಿ ಕಂಪನಿಯ ಬಿಳೀ ನೈಲ್ಗಟ್ ತಂತಿ ಕಾಲಾದಲ್ಲಿ ಬರುವಾಗಲೇ ಇರುತ್ತೆ, ಹಳೇ ಕಾಲದ ಕರುಳಿನ ತಂತಿಯ ತೂಕ ಬರೋ ಹಾಗೆ ಮಾಡಿರೋ ಸಿಂಥೆಟಿಕ್, ತೇವಕ್ಕೆ ನೈಲಾನಿನಷ್ಟು ಹದ ತಪ್ಪಲ್ಲ. ನನಗೆ ಮಳೆಗಾಲಕ್ಕೆ ಇನ್ನೂ ಇಷ್ಟ ಫ್ಲೋರೋಕಾರ್ಬನ್. ಕಾವೇರೀಲಿ ಗಾಳ ಹಾಕೋ ಅಭ್ಯಾಸ ಇರೋರು ಯಾರಾದ್ರೂ ಮನೇಲಿದ್ರೆ ಕೇಳಿ, ಗಾಳದ ದಾರದ ತುದಿಗೆ ಕಟ್ಟೋ ಪಾರದರ್ಶಕ ಲೀಡರ್, ಅದೇ ವಸ್ತು. ನೀರು ಹೀರಲ್ಲ, ನೈಲಾನಿಗಿಂತ ಭಾರ ಜಾಸ್ತಿ ಇರೋದ್ರಿಂದ ಅದೇ ಸ್ವರಕ್ಕೆ ತಂತಿ ತೆಳು ಸಾಕು, ಬೆರಳಿಗೆ ಮೆತ್ತಗೆ. ಮಾರ್ಟಿನ್ ಎಂ 600 ಅನ್ನೋ ಸೆಟ್ಟು ಸೊಪ್ರಾನೋಗೂ ಕಾನ್ಸರ್ಟಿಗೂ ಎರಡಕ್ಕೂ ಆಗುತ್ತೆ, ಹಳೇದಕ್ಕೂ ಒಂದು ಹಾಕಿ. ಹೊಸ ತಂತಿ ಹಾಕಿದ ಮೇಲೆ ಒಂದು ವಾರ ಅದು ಎಳೆದುಕೊಳ್ತಾನೇ ಇರುತ್ತೆ, ದಿನಕ್ಕೆ ಹತ್ತು ಸಲ ಶ್ರುತಿ ಮಾಡ್ಬೇಕಾಗುತ್ತೆ, ಅಷ್ಟಕ್ಕೇ ವಾದ್ಯ ಕೆಟ್ಟಿದೆ ಅಂತ ವಾಪಸ್ ಕಳಿಸ್ಬೇಡಿ.

ಮೈಸೂರಿಗೋ ಮಂಗಳೂರಿಗೋ ಹೋಗೋ ಕೆಲಸ ಇದ್ರೆ ಅಂಗಡೀಲಿ ಎರಡು ಮೂರು ಪೀಸ್ ಹಿಡಿದು ನೋಡಿ ತಗೊಳ್ಳೋದು ಎಲ್ಲಕ್ಕಿಂತ ಒಳ್ಳೇದು. ಆನ್‌ಲೈನಾದ್ರೆ ವಾಪಸ್ ಕೊಡೋ ಅವಧಿ ಎಷ್ಟು ದಿನ ಅಂತ ನೋಡಿ, ಬಾಕ್ಸ್ ತೆರೆಯೋದನ್ನ ವಿಡಿಯೋ ಮಾಡಿ. ಬಂದ ಕೂಡಲೇ ಹಳೇದಕ್ಕೆ ಮಾಡಿದ ಮೂರು ಪರೀಕ್ಷೇನೂ ಮಾಡಿ, ಜೊತೆಗೆ ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿ, ಬಡಗಿಗಳು ರೀಪು ನೆಟ್ಟಗಿದ್ಯಾ ಅಂತ ನೋಡೋ ಹಾಗೆ. ಕತ್ತಿನ ಎರಡೂ ಅಂಚಲ್ಲಿ ಬೆರಳು ಜಾರಿಸಿ, ಫ್ರೆಟ್ ತುದಿ ಗರಗಸದ ಹಾಗೆ ಚುಚ್ಚಬಾರದು. ಬ್ರಿಜ್ಜಿನ ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿ ನೋಡಿ, ತೂರಿದ್ರೆ ಗಮ್ ಬಿಟ್ಟಿದೆ, ವಾಪಸ್ ಕಳ್ಸಿ. ಪ್ರತಿ ತಂತಿನೂ ಪ್ರತಿ ಫ್ರೆಟ್ಟಲ್ಲೂ ಒಂದೊಂದು ಸಲ ಮೀಟಿ, ಎಲ್ಲಾದ್ರೂ ಒಂದು ಫ್ರೆಟ್ಟಲ್ಲಿ ಮಾತ್ರ ಸ್ವರ ಸತ್ತು ಜರ್ ಅಂದ್ರೆ ಆ ಮುಂದಿನ ಫ್ರೆಟ್ಟು ಎದ್ದಿದೆ, ಅದೂ ವಾಪಸ್ಸೇ. ನಟ್ಟು ಎತ್ತರ ಇರೋದಕ್ಕೆ, ಸ್ಯಾಡಲ್ ಎತ್ತರ ಇರೋದಕ್ಕೆ ಮಾತ್ರ ವಾಪಸ್ ಕಳಿಸ್ಬೇಡಿ, ಅದು ಸರಿಯಾಗೋ ಕೆಲಸ.

ಗಿಟಾರ್ ರಿಪೇರಿ ಗೊತ್ತಿರೋ ಯಾರ ಕೈಲಾದ್ರೂ ಮಾಡ್ಸಬಹುದು. ನೀವೇ ಮಾಡ್ತೀನಿ ಅಂದ್ರೆ ಹಳೇ ಸೊಪ್ರಾನೋ ಮೇಲೆ ಕೈ ಪಳಗಿಸಿ. ಸ್ಯಾಡಲ್ ಹೊರಗೆ ಎಳೆದು ಅದರ ತಳವನ್ನ ಸಪಾಟಾದ ಕಲ್ಲಿನ ಮೇಲೆ ಸ್ಯಾಂಡ್‌ಪೇಪರ್ ಇಟ್ಟು ಉಜ್ಜೋದು, ಹನ್ನೆರಡನೇ ಫ್ರೆಟ್ಟಲ್ಲಿ ಅರ್ಧ ಮಿಲಿಮೀಟರ್ ಇಳೀಬೇಕಾದ್ರೆ ಸ್ಯಾಡಲ್ಲಿಂದ ಒಂದು ಮಿಲಿಮೀಟರ್ ತೆಗೀಬೇಕು, ಪೆನ್ಸಿಲಲ್ಲಿ ಗೆರೆ ಹಾಕ್ಕೊಂಡು ಗೆರೆ ದಾಟಬೇಡಿ. ನಟ್ಟಿನ ಗೀರಿಗೆ ವಿಶೇಷ ಫೈಲ್ ಸಿಗುತ್ತೆ ಆದ್ರೆ ದುಬಾರಿ, ಹಾರ್ಡ್‌ವೇರ್ ಅಂಗಡೀಲಿ ಗ್ಯಾಸ್ ವೆಲ್ಡಿಂಗ್ ನಾಝಲ್ ಕ್ಲೀನ್ ಮಾಡೋ ಸಣ್ಣ ಕಡ್ಡಿಗಳ ಸೆಟ್ ಕೇಳಿ, ದುಂಡನೆ, ಬೇರೆ ಬೇರೆ ದಪ್ಪ, ಮೈಯೆಲ್ಲಾ ಗರಗರ, ಅದೇ ಸಾಕು. ತಲೆ ಕಡೆಗೆ ಸ್ವಲ್ಪ ಇಳಿಜಾರಾಗಿ ನಾಲ್ಕು ಸಲ ಎಳೆಯೋದು, ತಂತಿ ಕೂರಿಸಿ ನೋಡೋದು, ಮತ್ತೆ ನಾಲ್ಕು ಸಲ. ಜಾಸ್ತಿ ಆಳ ಆಗಿಹೋದ್ರೆ ಗೀರಿಗೆ ಅಡುಗೆ ಸೋಡಾ ಚಿಟಿಕೆ ತುಂಬಿ ಸೂಪರ್ ಗ್ಲೂ ಒಂದು ತೊಟ್ಟು ಬಿಡಿ, ಕ್ಷಣದಲ್ಲಿ ಕಲ್ಲಾಗುತ್ತೆ, ಮತ್ತೆ ಮೊದಲಿಂದ ಗೀರಬಹುದು.

ಕೊನೇದಾಗಿ ಇಡೋ ಜಾಗ. ಹಳೇ ಮನೆಗಳಲ್ಲಿ ಬೆಚ್ಚಗಿರುತ್ತೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡೋ ಅಭ್ಯಾಸ ಇದೆ, ಬುಟ್ಟಿ ಮೊರಕ್ಕೆ ಅದು ಸರಿ, ವಾದ್ಯಕ್ಕೆ ಬೇಡ, ಒಂದೇ ಕಡೆಯಿಂದ ಕಾವು ಹತ್ತಿ ಗಮ್ ಸಡಿಲ ಆಗುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬೇಡ. ಬಟ್ಟೆಗೆ ಬೂಷ್ಟು ಹಿಡೀಬಾರ್ದು ಅಂತ ಬೀರು ಒಳಗೆ ಸಣ್ಣ ಬಲ್ಬ್ ಉರಿಸ್ತೀವಲ್ಲ, ಆ ಬೀರುವಲ್ಲೇ ಬಲ್ಬಿಂದ ದೂರದ ಮೂಲೇಲಿ ಬ್ಯಾಗ್ ಸಮೇತ ನಿಲ್ಲಿಸಿ, ಒಳಗೊಂದು ತೇವ ಅಳೆಯೋ ಡಿಜಿಟಲ್ ಮೀಟರ್ ಇಡಿ, ಕೆಲವು ನೂರು ರೂಪಾಯಿಗೆ ಬರುತ್ತೆ. ಕರೆಂಟ್ ವಾರಗಟ್ಲೆ ಇಲ್ಲದಾಗ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಪೊಟ್ಟಣ ಬ್ಯಾಗಲ್ಲಿ ಹಾಕಿ, ಬಣ್ಣ ಹಸಿರಾದಾಗ ಅಡುಗೆಗೆ ಬಳಸದ ಹಳೇ ತವಾದ ಮೇಲೆ ಸಣ್ಣ ಉರೀಲಿ ಒಣಗಿಸಿದ್ರೆ ಮತ್ತೆ ಕೆಲಸಕ್ಕೆ ಬರುತ್ತೆ. ಮಳೆ ನಿಂತ ಮೇಲೆ ಅದನ್ನ ತೆಗೆದುಬಿಡಿ. ಮತ್ತೆ ದಿನಾ ನುಡಿಸಿ ಟೀಚರ್, ಮೂರು ತಿಂಗಳು ಬ್ಯಾಗಲ್ಲೇ ಮುಚ್ಚಿಟ್ಟ ವಾದ್ಯಕ್ಕೇ ಬೂಷ್ಟು ಮೊದಲು ಬರೋದು.

ಆರ್ಡರ್ ಮಾಡೋ ಮುಂಚೆ ಹಳೇದರ ಎರಡು ಅಳತೆ ನನಗೆ ಬರೆದು ಕಳ್ಸಿ, ಹನ್ನೆರಡನೇ ಫ್ರೆಟ್ ಹತ್ರ ಎಷ್ಟು ಮಿಲಿಮೀಟರ್, ಮತ್ತೆ ಮೂರನೇ ಫ್ರೆಟ್ ಒತ್ತಿದಾಗ ಮೊದಲನೇ ಫ್ರೆಟ್ ಮೇಲೆ ಹಾಳೆ ತೂರಿತಾ ಕರೆಯೋಲೆ ಕಾರ್ಡ್ ತೂರಿತಾ ಅಂತ. ಕೀ ಯಾವ ಥರದ್ದು ಅನ್ನೋದಕ್ಕೆ ತಲೆಯ ಹಿಂಬದಿ ಫೋಟೋ ಒಂದಿದ್ರೆ ಇನ್ನೂ ಒಳ್ಳೇದು, ಹಳೇದನ್ನ ಎಷ್ಟರಲ್ಲಿ ಸರಿ ಮಾಡಬಹುದು ಅಂತ ಅದರಲ್ಲೇ ಹೇಳ್ತೀನಿ.